ನಡೆಯುವವರ ಪಾರ್ಕಿನಲ್ಲಿ ಕೂರುವವರು

ಬೆಂಗಳೂರಿನ ಯಾವ ಬಡಾವಣೆಯ ಪಾರ್ಕಿಗೆ ಹೋದರೂ ಮೊದಲು ಕಣ್ಣಿಗೆ ಬೀಳುವುದು ನಡಿಗೆಯ ಪಥ. ಬೇಲಿಯ ಒಳಮಗ್ಗುಲಿಗೆ ಹೊಂದಿಕೊಂಡು ಸುತ್ತುವ, ಪೇವರ್ ಬ್ಲಾಕ್ ಹಾಸಿದ ಆ ದಾರಿಯದೇ ಅಲ್ಲಿ ಯಜಮಾನಿಕೆ. ನಡುವಿನ ಹುಲ್ಲುಹಾಸು, ಕಣಗಿಲೆ ಸಾಲು, ಮಕ್ಕಳ ಜಾರುಬಂಡೆ, ಈಚೆಗೆ ಬಂದ ಓಪನ್ ಜಿಮ್ಮಿನ ಉಪಕರಣಗಳು ಎಲ್ಲವೂ ಅದು ಬಿಟ್ಟುಕೊಟ್ಟ ಜಾಗದಲ್ಲಿ ಹೊಂದಿಕೊಂಡಿರುತ್ತವೆ. ಯಾವ ದಿಕ್ಕಿನಲ್ಲಿ ನಡೆಯಬೇಕೆಂದು ಬಾಣದ ಗುರುತು ಹಾಕಿದ ಫಲಕವೂ, ಏನೇನು ಮಾಡಬಾರದೆಂಬ ಪಟ್ಟಿಯೂ ಗೇಟಿನ ಬಳಿ ಇರುತ್ತವೆ. ನಸುಕಿನಲ್ಲಿ ಬೀಗ ತೆಗೆದೊಡನೆ ಒಳಗೆ ಬರುವವರಲ್ಲಿ ಹೆಚ್ಚಿನವರು ಅರವತ್ತು ದಾಟಿದವರು: ಮಂಕಿ ಕ್ಯಾಪು, ಮಫ್ಲರು, ಸೀರೆಯ ಕೆಳಗೆ ಸ್ಪೋರ್ಟ್ಸ್ ಷೂ, ಬೀದಿನಾಯಿಗಳನ್ನು ದೂರವಿಡಲು ಕೈಯಲ್ಲೊಂದು ಕೋಲು. ಅದೇ ಕೋಲಿನ ತುದಿಗೆ ಕೊಕ್ಕೆ ಕಟ್ಟಿಕೊಂಡು, "ಹೂ ಕೀಳಬಾರದು" ಎಂಬ ಫಲಕದ ಪಕ್ಕದಲ್ಲೇ ದೇವರ ಪೂಜೆಗೆ ನಂದಿಬಟ್ಟಲಿನ ಕೊಂಬೆ ಬಗ್ಗಿಸುವವರೂ ಇವರೇ ಎಂಬುದನ್ನು ಮುಚ್ಚಿಡದೆ ಹೇಳಿಬಿಡುತ್ತೇನೆ.

ನಾನು ಬರೆಯಹೊರಟಿರುವುದು ಆ ಪಥದಲ್ಲಿ ನಡೆಯುವವರಿಗಿಂತ ಹೆಚ್ಚಾಗಿ ಅದರ ಅಂಚಿನಲ್ಲಿ ಬೆಂಚಿನ ಮೇಲೆ ಕುಳಿತವರ ಬಗ್ಗೆ. ವಯಸ್ಸಾದವರಿಗೆ ಪಾರ್ಕು ಒಳ್ಳೆಯದು ಎಂಬುದನ್ನು ಎಲ್ಲರೂ ಒಪ್ಪುತ್ತಾರೆ. ಆದರೆ ಆ ಒಳಿತಿನಲ್ಲಿ ದೊಡ್ಡ ಪಾಲು ಅಲ್ಲಿ ಕೂರುವುದರಿಂದ, ಕುಳಿತು ನಾಲ್ಕು ಜನರೊಡನೆ ಮಾತಾಡುವುದರಿಂದ ಬರುತ್ತದೆ ಎಂಬುದು ನನ್ನ ನಂಬಿಕೆ. ನಮ್ಮ ಪಾರ್ಕುಗಳನ್ನು ರೂಪಿಸುವವರು ಕೂರುವುದನ್ನು ಎರಡು ಸುತ್ತುಗಳ ನಡುವಿನ ದಣಿವಾರಿಕೆ ಎಂದಷ್ಟೇ ಎಣಿಸಿದ್ದಾರೆ ಎಂಬುದು ನನ್ನ ತಕರಾರು.

ನಡಿಗೆಯನ್ನು ಹಗುರಮಾಡಿ ಮಾತಾಡುವ ಉದ್ದೇಶ ನನಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ 65 ದಾಟಿದವರಿಗೂ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮದ ಚಟುವಟಿಕೆ ಬೇಕು. ಬಿರುಸಿನ ನಡಿಗೆ ಅದಕ್ಕೆ ಎಲ್ಲಕ್ಕಿಂತ ಸುಲಭದ, ಖರ್ಚಿಲ್ಲದ ದಾರಿ. ಅದೇ ಮಾರ್ಗಸೂಚಿಯ ಇನ್ನೊಂದು ಮಾತು ನಮ್ಮ ಪಾರ್ಕುಗಳನ್ನು ಅಷ್ಟಾಗಿ ತಲುಪಿಲ್ಲ. ಬೀಳುವುದನ್ನು ತಡೆಯಲು ವಾರದಲ್ಲಿ ಕನಿಷ್ಠ ಮೂರು ದಿನ ದೇಹದ ಸಮತೋಲನ ಮತ್ತು ಸ್ನಾಯುಬಲಕ್ಕೆ ಒತ್ತು ಕೊಡುವ ವ್ಯಾಯಾಮ ಮಾಡಬೇಕೆಂದು ಅದು ಹೇಳುತ್ತದೆ. ಒಂಟಿ ಕಾಲಿನ ಮೇಲೆ ನಿಲ್ಲುವುದು, ಹಿಮ್ಮಡಿ ಎತ್ತಿ ಇಳಿಸುವುದು, ಕೈಯೂರದೆ ಕುರ್ಚಿಯಿಂದ ಏಳುವುದು, ಇಂಥವು. ಸುತ್ತುಗಳ ಲೆಕ್ಕವನ್ನು ಬೆರಳ ಗೆಣ್ಣಿನಲ್ಲಿ ಎಣಿಸುತ್ತಾ ಸಾಗುವ ಹಿರಿಯರಲ್ಲಿ ಈ ಎರಡನೆಯ ಭಾಗವನ್ನು ಮಾಡುವವರು ಕಡಿಮೆ. ಎಂಟರ ಆಕಾರದಲ್ಲಿ ನಡೆಯುವವರು ಸಿಗುತ್ತಾರೆ, ಬೆಣಚುಕಲ್ಲು ಹಾಸಿದ ದಾರಿಯ ಮೇಲೆ ಬರಿಗಾಲಲ್ಲಿ ಹಲ್ಲುಕಚ್ಚಿ ದಾಟುವವರು ಸಿಗುತ್ತಾರೆ, ಗೇಟಿನ ಹೊರಗಿನ ಗಾಡಿಯಲ್ಲಿ ಹಾಗಲಕಾಯಿ, ಬೂದುಗುಂಬಳ, ಗರಿಕೆಯ ರಸ ಕುಡಿದು ಮುಖ ಹಿಂಡಿಕೊಳ್ಳುವವರಂತೂ ಧಾರಾಳವಾಗಿ ಸಿಗುತ್ತಾರೆ. ನಗೆಕೂಟಗಳೂ ಇವೆ. 1995ರ ಮಾರ್ಚ್‌ನಲ್ಲಿ ಮುಂಬೈನ ಒಂದು ಪಾರ್ಕಿನಲ್ಲಿ ವೈದ್ಯ ಮದನ್ ಕಟಾರಿಯಾ ಅವರು ಬೆರಳೆಣಿಕೆಯ ಜನರನ್ನು ಸೇರಿಸಿಕೊಂಡು ಆರಂಭಿಸಿದ ಈ ಪದ್ಧತಿ ನಮ್ಮಲ್ಲಿಗೂ ಬಂದು ಬೇರು ಬಿಟ್ಟಿದೆ. ಕೈಯೆತ್ತಿ "ಹೋ ಹೋ, ಹಾ ಹಾ" ಎನ್ನುವ ಅಭ್ಯಾಸವನ್ನು ನೋಡಿ ದಾರಿಹೋಕರು ನಗುವುದುಂಟು; ನನಗೆ ಕಂಡಂತೆ ಅಲ್ಲಿನ ನಿಜವಾದ ನಗು ವ್ಯಾಯಾಮ ಮುಗಿದು ಎಲ್ಲರೂ ಗುಂಪಾಗಿ ನಿಂತು ಒಬ್ಬರ ಕಾಲು ಒಬ್ಬರು ಎಳೆಯಲು ತೊಡಗಿದ ಮೇಲೆ ಹೊರಡುತ್ತದೆ.

ಅಮ್ಮ ಊರು ಬಿಟ್ಟು ನಮ್ಮ ಮನೆಗೆ ಬಂದದ್ದು ಅಪ್ಪ ಹೋದ ಮೇಲೆ. ತಿಪಟೂರು ಸೀಮೆಯ ಹಳ್ಳಿಯಲ್ಲಿ ಅವಳ ದಿನದ ಬಹುಪಾಲು ಜಗಲಿಯ ಮೇಲೆ ಕಳೆಯುತ್ತಿತ್ತು. ಹುಣಸೆಹಣ್ಣು ಜಜ್ಜುವುದು, ಅವರೆಕಾಯಿ ಸುಲಿಯುವುದು, ಹೋಗಿಬರುವವರನ್ನು ಮಾತಾಡಿಸುವುದು, ಎಲ್ಲವೂ ಅಲ್ಲಿಯೇ. ಬೆಂಗಳೂರಿನ ದಕ್ಷಿಣ ಭಾಗದ ನಮ್ಮ ಮೂರನೆಯ ಮಹಡಿಯ ಫ್ಲಾಟಿನಲ್ಲಿ ಜಗಲಿ ಎಲ್ಲಿಂದ ಬರಬೇಕು? ನಾವೆಲ್ಲ ಕೆಲಸಕ್ಕೆ ಹೋದ ಮೇಲೆ ಅವಳು ಟಿವಿ ಹಾಕಿಕೊಂಡು, ಬಾಗಿಲ ಚಿಲಕ ಹಾಕಿಕೊಂಡು, ಲಿಫ್ಟು ತೆರೆದ ಸದ್ದಾದಾಗಲೆಲ್ಲ ಯಾರು ಬಂದರೋ ಎಂದು ನೋಡುತ್ತಾ ಇರುತ್ತಿದ್ದಳು. ಸಕ್ಕರೆ ಕಾಯಿಲೆಗೆ ವಾಕಿಂಗ್ ಆಗಬೇಕೆಂದು ಡಾಕ್ಟರು ಹೇಳಿದ್ದರಿಂದ ಪಾರ್ಕಿಗೆ ಕರೆದುಕೊಂಡು ಹೋಗತೊಡಗಿದೆ. ಒಂದೂವರೆ ಸುತ್ತಿಗೆ ಮಂಡಿ ಹಿಡಿದುಕೊಳ್ಳುತ್ತಿತ್ತು. ಆದರೂ ಬೆಂಚಿನ ಮೇಲೆ ಕೂರಲು ಅವಳು ಒಪ್ಪುತ್ತಿರಲಿಲ್ಲ.

"ನಡೆಯಾಕೆ ಅಂತ ಬಂದು ಕೂತ್ಕಂಡ್ರೆ ನೋಡ್ದೋರು ಏನಂದ್ಕಂತಾರೆ? ನಡಿ, ಮನೆಗೋಗಾಣ."

ಆ ಮಾತಿನಲ್ಲಿದ್ದ ಸಂಕೋಚ ನನ್ನನ್ನು ಬಹಳ ಕಾಡಿತು. ಬದುಕಿಡೀ ದುಡಿದ ಹೆಂಗಸಿಗೆ ಸಾರ್ವಜನಿಕ ಜಾಗದಲ್ಲಿ ಸುಮ್ಮನೆ ಕೂರುವುದಕ್ಕೆ ಒಂದು ನೆಪ ಬೇಕು, ಮತ್ತು ಪಾರ್ಕು ಆ ನೆಪವನ್ನು ಕೊಡುತ್ತಿರಲಿಲ್ಲ. ಊರಿನಲ್ಲಾದರೆ ಕೈಯಲ್ಲೊಂದು ಮೊರ ಇದ್ದರೆ ಸಾಕಿತ್ತು. ಗಂಡಸರಿಗೆ ಈ ತೊಡಕು ಇಲ್ಲ. ದಿನಪತ್ರಿಕೆಯನ್ನು ನಾಲ್ಕಾಗಿ ಮಡಚಿ ಕಂಕುಳಲ್ಲಿ ಇರಿಸಿಕೊಂಡು ಬರುತ್ತಾರೆ, ತಮ್ಮ ಬೆಂಚಿಗೆ ಬಂದು ಕೂರುತ್ತಾರೆ, ಮುನ್ಸಿಪಾಲಿಟಿಯಿಂದ ಮಾಸ್ಕೋವರೆಗಿನ ಎಲ್ಲ ವ್ಯವಹಾರಗಳನ್ನೂ ಅಲ್ಲೇ ಇತ್ಯರ್ಥ ಮಾಡುತ್ತಾರೆ. ನಮ್ಮ ಪಾರ್ಕಿನಲ್ಲಿ ಬಹಳ ಕಾಲ ಬೆಳಗಿನ ಬೆಂಚುಗಳೆಲ್ಲ ಗಂಡಸರವೇ ಆಗಿದ್ದವು.

ಒಂದು ಸಂಜೆ ಹೊಂಗೆ ಮರದ ಕೆಳಗಿನ ಬೆಂಚಿನಿಂದ ಒಬ್ಬ ಹೆಂಗಸು ತಾವಾಗಿಯೇ ಸರಿದು ಜಾಗ ಮಾಡಿಕೊಟ್ಟರು. "ಬನ್ನಿ, ಕೂತ್ಕೊಳ್ಳಿ. ಯಾವೂರಾಯ್ತು ನಿಮ್ಮದು?" ಎಂದರು. "ತಿಪಟೂರ ಕಡೆ" ಎಂದಳು ಅಮ್ಮ. "ಹಾಗಾದ್ರೆ ಕೊಬ್ಬರಿ ರೇಟು ಯಾಕೆ ಹೀಗೆ ಏರಿದೆ ಅಂತ ನೀವೇ ಹೇಳ್ಬೇಕು" ಎಂದರು ಅವರು. ಅಷ್ಟೇ. ಮಾರುಕಟ್ಟೆ, ಮಂಡಿ, ತೆಂಗಿನ ನುಸಿ, ಮಳೆ, ಅಟ್ಟದಲ್ಲಿ ಕಾಯಿ ಒಣಗುವ ಕ್ರಮ ಎಂದು ಅಮ್ಮ ಶುರುಮಾಡಿದಳು. ಮನೆಯಲ್ಲಿ ಅವಳನ್ನು ಯಾರೂ ಏನನ್ನೂ ಕೇಳುತ್ತಿರಲಿಲ್ಲ. ಊಟ ಆಯಿತೇ, ಮಾತ್ರೆ ನುಂಗಿದೆಯೇ ಎನ್ನುವುದು ವಿಚಾರಣೆ. ಅವಳಿಗೆ ಗೊತ್ತಿರುವ ವಿಷಯವನ್ನು ಅವಳಿಂದ ತಿಳಿಯಬೇಕೆಂದು ಕೇಳುವವರು ಆ ಬೆಂಚಿನ ಮೇಲೆ ಸಿಕ್ಕಿದರು.

ಆಮೇಲೆ ಆ ಗುಂಪು ಅವಳದಾಯಿತು. ಅಲ್ಲಿ ಹೆಸರು ಹಿಡಿದು ಕರೆಯುವವರು ಕಡಿಮೆ. ಮೂರನೇ ಕ್ರಾಸಿನ ಟೀಚರಮ್ಮ, ಕೆಇಬಿಯವರ ಮನೆಯವರು, ಬಿಇಎಲ್‌ನವರ ಅಕ್ಕ, ವರ್ಷದಲ್ಲಿ ಆರು ತಿಂಗಳು ಮಗನ ಬಳಿ ಇದ್ದು ಬರುವ ಅಮೆರಿಕಾ ಅಜ್ಜಿ, ಹೀಗೆ. ಅಮ್ಮ ಅಲ್ಲಿ ತಿಪಟೂರಮ್ಮ. ನವೆಂಬರ್ ಬಂತೆಂದರೆ ಆ ಬೆಂಚು ಒಂದು ಪುಟ್ಟ ಕಚೇರಿಯೇ ಆಗುತ್ತದೆ, ಏಕೆಂದರೆ ಪಿಂಚಣಿ ಪಡೆಯುವವರು ಬದುಕಿದ್ದೇವೆಂದು ಜೀವಂತ ಪ್ರಮಾಣಪತ್ರ ಕೊಡಬೇಕಾದ ತಿಂಗಳು ಅದು. ಬೆರಳಚ್ಚು ಸವೆದುಹೋದವರಿಗೆ ಮೊಬೈಲಿನಲ್ಲೇ ಮುಖ ತೋರಿಸಿ ಅದನ್ನು ಮಾಡುವ ವಿಧಾನವನ್ನು ನಿವೃತ್ತ ಬ್ಯಾಂಕಿನವರೊಬ್ಬರು ಪಕ್ಕದ ಬೆಂಚಿನಿಂದ ಎದ್ದುಬಂದು ಹೇಳಿಕೊಡುತ್ತಾರೆ: "ಕಣ್ಣು ಮಿಟುಕಿಸಿ, ಅಮ್ಮ, ಇನ್ನೊಂದ್ಸಲ. ಕನ್ನಡಕ ತೆಗೀರಿ." ಪೊಲೀಸರ ವೇಷದಲ್ಲಿ ವಿಡಿಯೊ ಕರೆ ಮಾಡಿ "ಡಿಜಿಟಲ್ ಅರೆಸ್ಟ್" ಎಂದು ಹೆದರಿಸಿ ದುಡ್ಡು ಕೀಳುವವರ ವಿಷಯ ನಮ್ಮ ಮನೆಗೆ ಮೊದಲು ತಲುಪಿದ್ದು ಇದೇ ಬೆಂಚಿನಿಂದ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದು ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಪ್ರಯಾಣ ಉಚಿತವಾದ ಮೇಲೆ ಈ ಗುಂಪು ಬೇಲಿ ದಾಟಿ ಹೊರಬಂತು. ಲಾಲ್‌ಬಾಗಿಗೆ, ಗವಿಪುರದ ದೇವಸ್ಥಾನಕ್ಕೆ, ಒಮ್ಮೆ ಕಬ್ಬನ್ ಪಾರ್ಕಿಗೆ ಹೋಗಿಬಂದರು. ಆಧಾರ್ ಕಾರ್ಡು, ಚಿತ್ರಾನ್ನದ ಡಬ್ಬಿ, ಕೊಡೆ ಇಷ್ಟಿದ್ದರೆ ಅವರ ತಯಾರಿ ಮುಗಿಯಿತು.

ಇದನ್ನು ಹರಟೆ ಎಂದು ತಳ್ಳಿಹಾಕುವವರಿಗೆ ಒಂದು ಸಂಗತಿಯನ್ನು ನೆನಪಿಸಬೇಕು. 2010ರಲ್ಲಿ ಅಮೆರಿಕದ ಸಂಶೋಧಕರಾದ ಜೂಲಿಯಾನ್ ಹೋಲ್ಟ್-ಲನ್‌ಸ್ಟಾಡ್ ಮತ್ತು ಸಂಗಡಿಗರು ಮೂರು ಲಕ್ಷಕ್ಕೂ ಹೆಚ್ಚು ಜನರನ್ನು ಒಳಗೊಂಡ 148 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಗಟ್ಟಿಯಾದ ಸಾಮಾಜಿಕ ಸಂಬಂಧಗಳಿದ್ದವರು ಆಯಾ ಅಧ್ಯಯನದ ಅವಧಿಯಲ್ಲಿ ಬದುಕುಳಿಯುವ ಸಾಧ್ಯತೆ ಇಲ್ಲದವರಿಗಿಂತ ಶೇ. 50ರಷ್ಟು ಹೆಚ್ಚಾಗಿತ್ತು. ಯಾವ ಮಾತ್ರೆಯ ಡಬ್ಬಿಯ ಮೇಲೆ ಇಂಥ ಅಂಕಿ ಬರೆದಿದ್ದರೂ ನಾವು ಅದನ್ನು ಸಾಲ ಮಾಡಿಯಾದರೂ ತರುತ್ತಿದ್ದೆವು. ಬೆಂಚಿನ ಗೆಳೆತನ ಗಟ್ಟಿ ಸಂಬಂಧವೇ ಎಂಬ ಪ್ರಶ್ನೆ ಏಳಬಹುದು. ಆ ಗುಂಪಿನಲ್ಲಿ ಒಬ್ಬರು ಎರಡು ದಿನ ಕಾಣಿಸದಿದ್ದರೆ ಮೂರನೆಯ ದಿನ ಫೋನು ಹೋಗುತ್ತದೆ, ಫೋನು ಎತ್ತದಿದ್ದರೆ ಹತ್ತಿರದ ಮನೆಯವರು ಬಾಗಿಲು ತಟ್ಟುತ್ತಾರೆ. ಮಕ್ಕಳು ದೂರದ ದೇಶದಲ್ಲಿರುವ ಒಂಟಿ ಹಿರಿಯರಿಗೆ ಇದಕ್ಕಿಂತ ಹತ್ತಿರದ ಕಾವಲು ಈ ಊರಿನಲ್ಲಿ ಇನ್ನೊಂದಿಲ್ಲ. 2020ರ ಬೇಸಿಗೆಯಲ್ಲಿ ಲಾಕ್‌ಡೌನಿನಿಂದಾಗಿ ಪಾರ್ಕುಗಳು ಮುಚ್ಚಿದಾಗ, ಮತ್ತೆ ತೆರೆದ ಮೇಲೂ 65 ದಾಟಿದವರು ಮನೆಯಲ್ಲೇ ಇರಬೇಕೆಂಬ ಸಲಹೆ ಜಾರಿಯಲ್ಲಿದ್ದಾಗ, ಈ ಕಾವಲು ಕಡಿದುಹೋಗಿತ್ತು. ರೋಗದಿಂದ ಕಾಪಾಡಲೆಂದೇ ಹಾಗೆ ಮಾಡಿದ್ದರು, ಅದನ್ನು ತಪ್ಪೆನ್ನಲಾರೆ. ಆದರೆ ತಿಂಗಳುಗಟ್ಟಲೆ ಕೋಣೆಯಲ್ಲಿ ಇದ್ದು ಹೊರಬಂದ ಹಿರಿಯರಲ್ಲಿ ಎಷ್ಟೋ ಜನರ ನಡಿಗೆಯಷ್ಟೇ ಅಲ್ಲದೆ ಮಾತೂ ನಿಧಾನವಾಗಿದ್ದುದನ್ನು ನಮ್ಮ ಬೀದಿಯಲ್ಲೇ ಕಂಡೆ.

ಹಸಿರಿಗೂ ಆಯುಸ್ಸಿಗೂ ಇರುವ ಸಂಬಂಧದ ಬಗ್ಗೆ ಬಹಳ ಉಲ್ಲೇಖಗೊಳ್ಳುವ ಅಧ್ಯಯನ ಟೋಕಿಯೊ ನಗರದ್ದು. 1903ರಿಂದ 1918ರ ನಡುವೆ ಹುಟ್ಟಿದ ಮೂರು ಸಾವಿರಕ್ಕೂ ಹೆಚ್ಚು ನಿವಾಸಿಗಳನ್ನು ಐದು ವರ್ಷ ಗಮನಿಸಿ, ತಕಾನೊ ಮತ್ತು ಸಂಗಡಿಗರು 2002ರಲ್ಲಿ ಅದನ್ನು ಪ್ರಕಟಿಸಿದರು. ಮನೆಯ ಹತ್ತಿರ ನಡೆದಾಡಲು ಮರಗಳ ಬೀದಿ ಅಥವಾ ಹಸಿರು ಜಾಗ ಇದ್ದವರಲ್ಲಿ ಬದುಕುಳಿದವರ ಪ್ರಮಾಣ ಹೆಚ್ಚಿತ್ತು. ವಯಸ್ಸು, ಲಿಂಗ, ಆರ್ಥಿಕ ಸ್ಥಿತಿಗಳನ್ನು ಲೆಕ್ಕಕ್ಕೆ ಹಿಡಿದ ಮೇಲೂ ಆ ವ್ಯತ್ಯಾಸ ಉಳಿಯಿತು. ಅದೇ ಅಧ್ಯಯನದಲ್ಲಿ ಇನ್ನೊಂದು ಅಂಶವೂ ಆಯುಸ್ಸಿನೊಂದಿಗೆ ಹೊಂದಿಕೊಂಡಿತ್ತು: ತಾವಿರುವ ನೆರೆಹೊರೆಯ ಬಗೆಗಿನ ಒಲವು, ಇಲ್ಲಿಯೇ ಇರಬೇಕೆಂಬ ಆಸೆ. ಪಾರ್ಕಿನ ಬಗ್ಗೆ ಮಾತಾಡುವಾಗ ಮೊದಲನೆಯದನ್ನು ಎಲ್ಲರೂ ಹೇಳುತ್ತಾರೆ, ಎರಡನೆಯದನ್ನು ಬಿಟ್ಟುಬಿಡುತ್ತಾರೆ. ಊರು ಬಿಟ್ಟು ಬಂದ ಮುದುಕರಿಗೆ ಇರುವ ದೊಡ್ಡ ಕೊರತೆಯೇ ಆ ಎರಡನೆಯದು. ಇಂಥ ಅಧ್ಯಯನಗಳನ್ನು ಓದುವಾಗ ಒಂದು ಎಚ್ಚರವೂ ಬೇಕು: ಗಟ್ಟಿಮುಟ್ಟಾಗಿ ಇರುವವರೇ ಪಾರ್ಕಿಗೆ ಹೋಗುತ್ತಾರೆ, ಹೀಗಾಗಿ ಪಾರ್ಕಿಗೆ ಹೋಗುವವರು ಗಟ್ಟಿಮುಟ್ಟಾಗಿ ಕಾಣುತ್ತಾರೆ. ಬರಲಾಗದವರನ್ನು ಪಾರ್ಕಿನಲ್ಲಿ ನಿಂತು ಎಣಿಸಲಾಗದು.

ಈಗ ಬೆಂಚಿನ ವಿಷಯಕ್ಕೆ ಬರುತ್ತೇನೆ. ನಮ್ಮ ಪಾರ್ಕಿನ ಬೆಂಚುಗಳೆಲ್ಲ ಪಥದ ಉದ್ದಕ್ಕೂ ಒಂದೇ ಸಾಲಿನಲ್ಲಿ, ಪಥಕ್ಕೆ ಮುಖ ಮಾಡಿ ನಿಂತಿವೆ. ಮೂವರು ಕೂತರೆ ಆಚೆ ತುದಿಯವರ ಮಾತು ಈಚೆ ತುದಿಯವರಿಗೆ ಕೇಳಿಸುವುದಿಲ್ಲ, ಕಿವಿ ಮಂದವಾದವರಿಗಂತೂ ಎದುರಿನವರ ತುಟಿ ಕಾಣದಿದ್ದರೆ ಅರ್ಧ ಮಾತು ಹೋಯಿತು. ನಾಲ್ಕನೆಯವರು ಬಂದರೆ ನಿಂತುಕೊಂಡೇ ಮಾತಾಡಬೇಕು, ಹಾಗೆ ನಿಲ್ಲಲು ಮಂಡಿ ಬಿಡುವುದಿಲ್ಲ. 1950ರ ದಶಕದಲ್ಲಿ ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದ ಆಸ್ಪತ್ರೆಯೊಂದರಲ್ಲಿ ಮನೋವೈದ್ಯ ಹಂಫ್ರಿ ಆಸ್ಮಂಡ್ ಇದೇ ಬಗೆಯ ತೊಡಕನ್ನು ಎದುರಿಸಿದ್ದರು. ವೃದ್ಧೆಯರ ವಾರ್ಡಿಗೆ ಹೊಸ ಬಣ್ಣ, ಹೊಸ ಪರದೆ, ಹೊಸ ಕುರ್ಚಿಗಳು ಎಲ್ಲ ಬಂದಿದ್ದರೂ ಅಲ್ಲಿನವರು ದಿನವಿಡೀ ಮಾತಿಲ್ಲದೆ ಕೂತಿರುತ್ತಿದ್ದರು. ಕಾರಣ ಹುಡುಕಲು ಅವರು ಮನಶ್ಶಾಸ್ತ್ರಜ್ಞ ರಾಬರ್ಟ್ ಸಾಮರ್ ಅವರನ್ನು ಕೇಳಿಕೊಂಡರು. ಕುರ್ಚಿಗಳನ್ನು ಗೋಡೆಯುದ್ದಕ್ಕೂ ಸಾಲಾಗಿ ಇಟ್ಟಿದ್ದುದನ್ನು ಸಾಮರ್ ಗಮನಿಸಿದರು. ಅವನ್ನು ಎಳೆದು ಚಿಕ್ಕ ಮೇಜುಗಳ ಸುತ್ತ ಹಾಕಿಸಿದರು. ಮೊದಮೊದಲು ಎಲ್ಲರೂ ವಿರೋಧಿಸಿದರು. ಕೆಲವು ವಾರಗಳಲ್ಲಿ ಮಾತುಕತೆಗಳ ಸಂಖ್ಯೆ ಹೆಚ್ಚುಕಡಿಮೆ ಎರಡರಷ್ಟಾಗಿತ್ತು. ಮುಖ್ಯವಾಗಿ ಬದಲಾಗಿದ್ದು ಕುರ್ಚಿಗಳ ಜೋಡಣೆ.

ನಮ್ಮ ಅರಳಿಕಟ್ಟೆಯನ್ನೇ ಇದಕ್ಕೆ ಉತ್ತರವೆಂದು ಹೇಳುವವರಿದ್ದಾರೆ. ಕಟ್ಟೆಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತರೆ ಎಲ್ಲರ ಬೆನ್ನೂ ಮರದ ಕಡೆಗೆ, ಮುಖ ಹೊರಗಡೆಗೆ ಆಗುತ್ತದೆ ಎಂಬುದು ನಿಜ. ಆದರೆ ಊರಿನ ಕಟ್ಟೆ ಅಗಲವಾಗಿರುತ್ತದೆ. ಜನ ಅದರ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುತ್ತಾರೆ, ಬೇಕಾದ ಕಡೆಗೆ ತಿರುಗುತ್ತಾರೆ, ಒರಗುತ್ತಾರೆ, ಎಲೆಯಡಿಕೆಯ ತಟ್ಟೆ ನಡುವೆ ಇರಿಸಿಕೊಳ್ಳುತ್ತಾರೆ. ಪಾರ್ಕಿನಲ್ಲಿ ಮರದ ಸುತ್ತ ಕಟ್ಟುವುದು ಒಂದು ಅಡಿ ಅಗಲದ ಸಿಮೆಂಟಿನ ಉಂಗುರ. ಅದರ ಮೇಲೆ ಕೂತವರು ತಮ್ಮ ಮುಂದಿನ ಗಿಡವನ್ನು ನೋಡುತ್ತಾ ಕೂರಬೇಕಷ್ಟೆ.

ಬೆಂಚಿನ ರೂಪವನ್ನೂ ಹೇಳಬೇಕು. ಎರಡು ಕಲ್ಲಿನ ಮೇಲೆ ಒಂದು ಚಪ್ಪಡಿ ಹೊದಿಸಿದ ಹಳೆಯ ಮಾದರಿ ನೂರು ವರ್ಷ ಬಾಳಿಕೆ ಬರುತ್ತದೆ, ಆದರೆ ಅದಕ್ಕೆ ಒರಗು ಇಲ್ಲ, ಡಿಸೆಂಬರಿನ ಬೆಳಿಗ್ಗೆ ಅದರ ಮೇಲೆ ಕೂರುವುದಕ್ಕೆ ಧೈರ್ಯ ಬೇಕು. ಸಿಮೆಂಟಿನ ಬೆಂಚಿಗೆ ಒರಗು ಇದೆ, ಒರಗಿನ ಮೇಲೆ ದಾನಿಗಳ ಹೆಸರೂ ಇದೆ, ತೋಳು ಇಲ್ಲ. ಎಪ್ಪತ್ತೈದರ ನಂತರ ಕೂರುವುದಕ್ಕಿಂತ ಏಳುವುದು ಕಷ್ಟ. ತೊಡೆಯ ಸ್ನಾಯುಗಳ ಬಲ ಕುಗ್ಗಿರುವವರು ಅಂಗೈ ಊರಿ ಮೈಯನ್ನು ಮೇಲಕ್ಕೆ ತಳ್ಳಬೇಕು, ಅದಕ್ಕೆ ಕುರ್ಚಿಯ ತೋಳು ಬೇಕು, ಕೂರುವ ಜಾಗ ಮಂಡಿಗಿಂತ ಕೆಳಗಿರಬಾರದು. ಸುತ್ತ ಮಣ್ಣು ತುಂಬಿ ತುಂಬಿ ನಮ್ಮ ಪಾರ್ಕಿನ ಎರಡು ಬೆಂಚುಗಳು ಮಣೆಯ ಎತ್ತರಕ್ಕೆ ಇಳಿದಿವೆ. ಅವುಗಳಲ್ಲಿ ಈಗ ಕಾಲೇಜು ಹುಡುಗರು ಮಾತ್ರ ಕೂರುತ್ತಾರೆ. ಅವರಿಗೂ ಜಾಗ ಬೇಕು ಬಿಡಿ.

ಸಮಯದ ಪ್ರಶ್ನೆ ಬೆಂಚಿಗಿಂತ ದೊಡ್ಡದು. ಬೆಂಗಳೂರಿನ ಬಹುತೇಕ ಬಡಾವಣೆ ಪಾರ್ಕುಗಳಿಗೆ ಬೆಳಿಗ್ಗೆ ಹತ್ತರ ಹೊತ್ತಿಗೆ ಬೀಗ ಹಾಕಿ ಮಧ್ಯಾಹ್ನದ ನಂತರ ತೆರೆಯುವ ಪದ್ಧತಿ ವರ್ಷಾನುಗಟ್ಟಲೆ ಇತ್ತು. ಈ ವೇಳಾಪಟ್ಟಿ ಆಫೀಸಿಗೆ ಹೋಗುವವರ ದಿನಚರಿಗೆ ಸರಿಹೊಂದುತ್ತದೆ. ವಯಸ್ಸಾದ ಹೆಂಗಸಿನ ದಿನಚರಿ ಬೇರೆ. ಆರರಿಂದ ಒಂಬತ್ತೂವರೆಯ ತನಕ ಅವಳು ಡಬ್ಬಿ ಕಟ್ಟುವುದರಲ್ಲಿ, ಮೊಮ್ಮಗುವಿನ ಜಡೆ ಹಾಕುವುದರಲ್ಲಿ, ಸ್ಕೂಲ್ ವ್ಯಾನಿನವರೆಗೆ ಹೋಗಿಬರುವುದರಲ್ಲಿ ಇರುತ್ತಾಳೆ. ಮನೆ ಖಾಲಿಯಾಗಿ ಅವಳು ಬಿಡುವಾಗುವ ಹೊತ್ತಿಗೆ ಸರಿಯಾಗಿ ಪಾರ್ಕಿನ ಗೇಟು ಮುಚ್ಚುತ್ತಿತ್ತು. ಸಂಧಿವಾತ ಇರುವವರಿಗೆ ನಸುಕಿನಲ್ಲಿ ಕೀಲುಗಳು ಬಿಗಿದುಕೊಂಡಿರುತ್ತವೆ, ಹೊತ್ತೇರಿದಂತೆ ಸಡಿಲವಾಗುತ್ತವೆ. ನಮ್ಮ ಚರ್ಮ ವಿಟಮಿನ್ ಡಿ ತಯಾರಿಸಿಕೊಳ್ಳಲು ಬೇಕಾದ ನೇರಳಾತೀತ ಕಿರಣಗಳು ಸಾಕಷ್ಟು ಸಿಗುವುದು ಕೂಡ ಬಿಸಿಲೇರಿದ ಮೇಲೆ. ಆರೂವರೆಯ ಎಳೆಬಿಸಿಲಿಗೆ ಮುಖವೊಡ್ಡಿ ನಿಂತವರಿಗೆ ಮನಸ್ಸಿಗೆ ಹಿತವಾದೀತು, ಮೂಳೆಗೆ ಅದರಿಂದ ಹೆಚ್ಚೇನೂ ಸೇರುವುದಿಲ್ಲ. 2024ರ ಜೂನ್‌ನಲ್ಲಿ ಪಾಲಿಕೆಯ ಪಾರ್ಕುಗಳನ್ನು ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿರಬೇಕೆಂಬ ನಿರ್ಧಾರ ಪ್ರಕಟವಾದಾಗ ನಮ್ಮ ಬೆಂಚಿನ ಹೆಂಗಸರು ಯಾವ ಬಜೆಟ್ಟಿಗೂ ತೋರಿಸದಷ್ಟು ಸಂತೋಷ ತೋರಿಸಿದರು. ನಿರ್ಧಾರ ಕಾಗದದಿಂದ ಗೇಟಿಗೆ ಇಳಿಯಲು ಇನ್ನಷ್ಟು ಕಾಲ ಹಿಡಿಯಿತು. ಬೀಗದ ಕೈ ಇದ್ದ ಮನುಷ್ಯನಿಗೆ ಹತ್ತಕ್ಕೆ ಬೀಗ ಹಾಕುವುದು ಅಭ್ಯಾಸವಾಗಿಹೋಗಿತ್ತು, ಮತ್ತು ಕೆಲವು ನಿವಾಸಿಗಳಿಗೆ ಮಧ್ಯಾಹ್ನ ಪಾರ್ಕು ತೆರೆದಿದ್ದರೆ "ಬೇಡದವರು" ಬಂದು ಮಲಗುತ್ತಾರೆಂಬ ಆತಂಕವಿತ್ತು. ಹಾಗೆ ಬಂದು ಮಲಗುವವರಲ್ಲಿ ಒಬ್ಬರು ಸೊಪ್ಪು ಮಾರುವ ಅಜ್ಜ. ಬೆಳಗಿನ ಜಾವ ಮಾರುಕಟ್ಟೆಗೆ ಹೋಗಿ, ಬೀದಿಬೀದಿ ಕೂಗಿ, ಮಧ್ಯಾಹ್ನ ಹೊಂಗೆಯ ನೆರಳಲ್ಲಿ ಟವಲು ಹಾಸುತ್ತಾರೆ. ಅವರಿಗೂ ಎಪ್ಪತ್ತು ದಾಟಿದೆ, ಪಾರ್ಕು ಅವರ ಆರೋಗ್ಯಕ್ಕೂ ಒಳ್ಳೆಯದು. ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಸಂರಕ್ಷಣೆಗೆಂದು ನಮ್ಮ ರಾಜ್ಯದಲ್ಲಿ 1985ರ ಕಾಯ್ದೆಯಿದೆ. ಜಾಗವನ್ನು ಕಾನೂನು ಉಳಿಸಬಹುದು, ಅದರ ಮೇಲೆ ಯಾರು ಕೂರಬಹುದೆಂಬುದನ್ನು ಬಡಾವಣೆಯವರ ಮುಖಭಾವ ನಿರ್ಧರಿಸುತ್ತದೆ.

ಇನ್ನು ಯಾರೂ ಸಭೆಯಲ್ಲಿ ಎದ್ದುನಿಂತು ಹೇಳದ ವಿಷಯವೆಂದರೆ ಶೌಚಾಲಯ. ರಕ್ತದೊತ್ತಡಕ್ಕೆಂದು ಕೊಡುವ ಔಷಧಗಳಲ್ಲಿ ಕೆಲವು ಮೂತ್ರ ಹೆಚ್ಚಿಸುವಂಥವು, ಜನ ಅವನ್ನು ನೀರಿನ ಮಾತ್ರೆ ಎನ್ನುತ್ತಾರೆ. ಬೆಳಿಗ್ಗೆ ಅದನ್ನು ನುಂಗಿದವರು ಒಂದೆರಡು ಗಂಟೆ ಮನೆಯ ಬಚ್ಚಲಿನಿಂದ ದೂರ ಹೋಗಲಾರರು. ಆದ್ದರಿಂದ ಪಾರ್ಕಿಗೆ ಬರುವ ದಿನ ಮಾತ್ರೆಯನ್ನು ಮುಂದೂಡುತ್ತಾರೆ, ಕೆಲವರು ಬಿಟ್ಟೇ ಬಿಡುತ್ತಾರೆ, ಹೆಂಗಸರು ಹೊರಡುವ ಮುಂಚೆ ನೀರು ಕುಡಿಯುವುದನ್ನೇ ನಿಲ್ಲಿಸುತ್ತಾರೆ. ಪ್ರಾಸ್ಟೇಟ್ ತೊಂದರೆ ಇರುವ ಗಂಡಸರು ಗೋಡೆ ಹುಡುಕುತ್ತಾರೆ. ಆರೋಗ್ಯಕ್ಕೆಂದು ಪಾರ್ಕಿಗೆ ಬರಲು ಔಷಧ ಬಿಡಬೇಕಾದ ಸ್ಥಿತಿ ಇದು. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹಿರಿಯ ಸ್ನೇಹಿ ನಗರಗಳ ಕುರಿತು ಮಾರ್ಗದರ್ಶಿಯೊಂದನ್ನು ಪ್ರಕಟಿಸುವ ಮುನ್ನ ದೆಹಲಿ, ಉದಯಪುರ ಸೇರಿ ಜಗತ್ತಿನ 33 ನಗರಗಳ ಹಿರಿಯರನ್ನು ಮಾತಾಡಿಸಿತ್ತು. ಹೊರಾಂಗಣದ ವಿಷಯ ಬಂದಾಗ ಅವರು ಕೇಳಿದ್ದು ಕೂರಲು ಜಾಗ, ಎಡವದ ಕಾಲುದಾರಿ, ಶುಚಿಯಾದ ಶೌಚಾಲಯ. ಕಾರಂಜಿ ಬೇಕೆಂದು ಕೇಳಿದವರು ಇದ್ದಂತಿಲ್ಲ. ನಮ್ಮ ಪಾರ್ಕಿನಲ್ಲಿ ಇರುವುದು ಕಾರಂಜಿ, ಅದರಲ್ಲಿ ನೀರಿಲ್ಲ.

ಪಾರ್ಕಿಗೆ ತಲುಪುವ ದಾರಿಯ ಬಗ್ಗೆ ಹೆಚ್ಚು ಬರೆಯಬೇಕಾಗಿಲ್ಲ, ಬೆಂಗಳೂರಿನಲ್ಲಿ ನಡೆದ ಎಲ್ಲರಿಗೂ ಅದು ಗೊತ್ತು. ಮೊಣಕಾಲೆತ್ತರದ ಫುಟ್‌ಪಾತ್, ನಡುವೆ ಎದ್ದ ಕಲ್ಲುಚಪ್ಪಡಿ, ಟ್ರಾನ್ಸ್‌ಫಾರ್ಮರ್, ಫುಟ್‌ಪಾತಿನ ಮೇಲೇ ಬರುವ ಸ್ಕೂಟರು. ಇವೆಲ್ಲವನ್ನೂ ದಾಟಿ ಬಂದರೆ ಸ್ಕೂಟರು, ದನ ಒಳಗೆ ನುಗ್ಗದಂತೆ ಕಬ್ಬಿಣದ ಕೊಳವೆಗಳನ್ನು ಅಡ್ಡಾದಿಡ್ಡಿಯಾಗಿ ಬಾಗಿಸಿ ಮಾಡಿದ ಗೇಟು. ಅದರೊಳಗೆ ಗಾಲಿಕುರ್ಚಿ ತೂರುವುದಿಲ್ಲ, ನಾಲ್ಕು ಕಾಲಿನ ವಾಕರ್ ಹಿಡಿದವರೂ ಅದನ್ನು ಎತ್ತಿ ತಲೆಯ ಮೇಲೆ ಹಿಡಿದರೆ ಮಾತ್ರ ದಾಟಬಹುದು. ಲಾಲ್‌ಬಾಗಿನ 240 ಎಕರೆಗಳ ಬಗ್ಗೆ, ಮುನ್ನೂರು ಕೋಟಿ ವರ್ಷ ಹಳೆಯ ಅದರ ಬಂಡೆಯ ಬಗ್ಗೆ, 1889ರಲ್ಲಿ ಅಡಿಗಲ್ಲು ಹಾಕಿದ ಗಾಜಿನ ಮನೆಯ ಬಗ್ಗೆ ನನಗೂ ಅಭಿಮಾನವಿದೆ. ಆ ಬಂಡೆಯ ಮೇಲೆ ಸಂಜೆ ಬಿಸಿಲಿಗೆ ಕೂತ ಹಿರಿಯರನ್ನು ನೋಡುವುದು ಈ ಊರಿನ ದೊಡ್ಡ ಸುಖಗಳಲ್ಲಿ ಒಂದು. ಆದರೆ ಎಂಬತ್ತರ ಅಂಚಿನಲ್ಲಿರುವವರಿಗೆ ಲೆಕ್ಕಕ್ಕೆ ಬರುವುದು ಮನೆಯಿಂದ ಮುನ್ನೂರು ಹೆಜ್ಜೆಯಲ್ಲಿರುವ ಪಾರ್ಕು. ಆ ವಿಷಯದಲ್ಲಿ ಜಯನಗರ, ಬಸವನಗುಡಿ, ಮಲ್ಲೇಶ್ವರಗಳಂಥ ಹಳೆಯ ಬಡಾವಣೆಗಳಲ್ಲಿ ಮುದುಕರಾದವರು ಪುಣ್ಯವಂತರು. ಹೊರವರ್ತುಲ ರಸ್ತೆಯಾಚೆ ಒತ್ತೊತ್ತಾಗಿ ಬೆಳೆದ ಬಡಾವಣೆಗಳಲ್ಲಿ ಕಟ್ಟಡಗಳ ಸೆಲ್ಲರಿನಲ್ಲಿ, ಕಾರುಗಳ ನಡುವೆ, ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತ ಹಿರಿಯರನ್ನು ನೋಡಿದ್ದೇನೆ. ಮಗ ಸೊಸೆಯ ಕೆಲಸಕ್ಕಾಗಿ ಶ್ರೀಕಾಕುಳದಿಂದಲೋ ಕಟಕ್‌ನಿಂದಲೋ ಬಂದವರು ಅಲ್ಲಿ ಒಬ್ಬರಿಗೊಬ್ಬರು ಭಾಷೆ ಬಾರದೆಯೂ ಅಕ್ಕಪಕ್ಕ ಕೂರುತ್ತಾರೆ. ಕೂರಬೇಕೆಂಬ ಹಂಬಲ ಅಷ್ಟು ಗಟ್ಟಿಯಾದದ್ದು.

ನಮ್ಮ ಪಾರ್ಕಿನಲ್ಲಿ ಕೆಲವು ಬದಲಾವಣೆಗಳು ಆಗಿವೆ. ಬೆಂಚುಗಳನ್ನು ಎದುರುಬದುರು ಹಾಕಿಸಿ ಎಂದು ಟೀಚರಮ್ಮ ಬರೆದ ಅರ್ಜಿ ಒಂದು ಕಚೇರಿಯಿಂದ ಇನ್ನೊಂದಕ್ಕೆ ಹೋಗುತ್ತಿದ್ದಾಗಲೇ, ಪಾರ್ಕಿನ ಮಾಲಿ ತನ್ನ ಇಬ್ಬರು ಭಾವಮೈದುನರನ್ನು ಕರೆತಂದು ಹಾರೆಕೋಲಿನಿಂದ ಮೀಟಿ ಹೊಂಗೆಯ ಕೆಳಗಿನ ಎರಡು ಸಿಮೆಂಟು ಬೆಂಚುಗಳನ್ನು ಎದುರುಬದುರು ತಿರುಗಿಸಿಬಿಟ್ಟ. ಹೆಂಗಸರೆಲ್ಲ ಸೇರಿ ಅವನಿಗೆ ದುಡ್ಡು ಕೂಡಿಸಿ ಕೊಟ್ಟರು. ಈಗ ಅಲ್ಲಿ ಆರೇಳು ಜನ ಕೂರುತ್ತಾರೆ, ಅಮೆರಿಕಾ ಅಜ್ಜಿಗೆ ಎಲ್ಲರ ಮಾತೂ ಕೇಳಿಸುತ್ತದೆ. ನಡೆಯುವವರಲ್ಲಿ ಕೆಲವರು ಗದ್ದಲವೆಂದು ಗೊಣಗಿದ್ದೂ ಉಂಟು. ಅಮ್ಮ ಈಗ ಒಂದೂವರೆ ಸುತ್ತಿನ ಬದಲು ಮೂರು ಸುತ್ತು ನಡೆಯುತ್ತಾಳೆ, ಏಕೆಂದರೆ ಬೆಂಚಿಗೆ ಬೇಗ ಬಂದರೆ ಇನ್ನೂ ಯಾರೂ ಬಂದಿರುವುದಿಲ್ಲ. ಶೌಚಾಲಯದ ಕಟ್ಟಡ ಎದ್ದಿದೆ, ನೀರಿನ ಸಂಪರ್ಕವೂ ಬಂದಿದೆ. ಅದರ ಬೀಗದ ಕೈ ಮಾಲಿಯ ಬಳಿ ಇರಬೇಕೇ, ಗೇಟಿನ ಎದುರಿನ ಹಾಲಿನ ಬೂತಿನವರ ಬಳಿ ಇರಬೇಕೇ, ಅಥವಾ ಬೀಗವನ್ನೇ ಹಾಕಬಾರದೇ ಎಂಬ ಚರ್ಚೆ ಎರಡು ಬೆಂಚುಗಳ ನಡುವೆ ಇನ್ನೂ ನಡೆದಿದೆ.